ಫೋಕಸ್ ಮೋಟಾರ್ ಬದಲು ಕರೆಂಟಿಗೆ ಉಬ್ಬುವ ಲೆನ್ಸ್: ನನ್ನ ಪ್ರೊಜೆಕ್ಟರ್‌ಗೆ ಹಾಕಿಸಬಹುದಾ?

ಪ್ರಶ್ನೆ: ನಾನು ಚಾಮರಾಜಪೇಟೆಯಲ್ಲಿ ಪ್ರೊಜೆಕ್ಟರ್, ಸ್ಕ್ರೀನ್, ಸೌಂಡ್ ಬಾಡಿಗೆಗೆ ಕೊಡುತ್ತೇನೆ. ಮದುವೆ ಛತ್ರ, ಗಣೇಶನ ಪೆಂಡಾಲ್, ಅಪಾರ್ಟ್‌ಮೆಂಟಿನ ಕ್ರಿಕೆಟ್ ಮ್ಯಾಚ್, ಎಲ್ಲಕ್ಕೂ ಹೋಗುತ್ತವೆ. ಸಂಜೆ ಆರಕ್ಕೆ ಫೋಕಸ್ ಸರಿ ಮಾಡಿಟ್ಟರೆ ಏಳಕ್ಕೆ ಅಕ್ಷರ ಮಸುಕು. ಒಂದರ ಫೋಕಸ್ ಮೋಟಾರ್ ಕೆಟ್ಟಿತು. ಸರ್ವಿಸ್ ಸೆಂಟರ್‌ನವರು ಇಡೀ ಲೆನ್ಸನ್ನೇ ಬದಲಿಸಬೇಕು ಅಂದರು. ಈಗ ಕರೆಂಟ್ ಕೊಟ್ಟರೆ ತಾನೇ ಫೋಕಸ್ ಬದಲಿಸುವ ಲೆನ್ಸ್ ಬಂದಿದೆಯಂತೆ, ಅದರಲ್ಲಿ ಅಲುಗಾಡುವ ಭಾಗವೇ ಇಲ್ಲವಂತೆ. ಅದನ್ನು ಹಾಕಿಸಬಹುದಾ? ಹಾಕಿಸಿದರೆ ಈ ಕಾಟ ತಪ್ಪುತ್ತದಾ?

ಉತ್ತರ: ಈಗಿರುವ ಪ್ರೊಜೆಕ್ಟರ್‌ಗೆ ಹಾಕಿಸಲು ಹೋಗಬೇಡಿ. ಉತ್ತರ ಮೊದಲೇ ಹೇಳಿಬಿಟ್ಟೆ. ಆದರೆ ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆ ಲೆನ್ಸ್ ನಿಜವಾಗಿಯೂ ಇದೆ. ಪ್ರೊಜೆಕ್ಟರ್ ಫೋಕಸ್ ಮಾಡಲು ಅದಕ್ಕೆ ಶಕ್ತಿ ಸಾಲದು ಅಂತಲೂ ಅಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ತೊಡಕು ಬೇರೆ ಕಡೆ ಇದೆ. ಅದರ ಸುಳಿವು ನಿಮ್ಮ ಮಾತಲ್ಲೇ ಇದೆ: ಆರಕ್ಕೆ ಸರಿ ಮಾಡಿದ್ದು ಏಳಕ್ಕೆ ಮಸುಕು.

ಫೋಕಸ್ ಜಾರುವುದು ಹೊಸ ಕಾಯಿಲೆ ಏನಲ್ಲ. ನಾನು ಹುಡುಗನಾಗಿದ್ದಾಗ ಮೆಜೆಸ್ಟಿಕ್ ಕಡೆಯ ಟಾಕೀಸುಗಳಲ್ಲಿ ಪರದೆ ಮಸುಕಾದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಏಳುತ್ತಿತ್ತು. ಕ್ಯಾಬಿನ್‌ನಲ್ಲಿದ್ದ ಆಪರೇಟರ್ ಟೀ ಲೋಟ ಪಕ್ಕಕ್ಕಿಟ್ಟು ಲೆನ್ಸ್ ತಿರುವುತ್ತಿದ್ದ. ದೀಪದ ಕಾವಿಗೆ ಫಿಲಂ ಒಂಚೂರು ಸೊಟ್ಟಗಾಗುತ್ತದೆ, ಲೆನ್ಸಿನಿಂದ ಅದಕ್ಕಿರುವ ದೂರ ಬದಲಾಗುತ್ತದೆ, ಅಷ್ಟು ಸಾಕು. ಸ್ಲೈಡ್ ಪ್ರೊಜೆಕ್ಟರ್‌ಗಳ ಕಥೆಯೂ ಇದೇ. ತಣ್ಣಗಿದ್ದ ಸ್ಲೈಡ್ ಬಿಸಿಯಾಗುತ್ತಲೇ ಟಪ್ಪಂತ ಉಬ್ಬಿ ಚಿತ್ರ ಮಸುಕಾಗುತ್ತಿತ್ತು. ಕೊಡಾಕ್ ಕ್ಯಾರೊಸೆಲ್‌ನ ಕೆಲವು ಮಾಡೆಲ್‌ಗಳಿಗೆ ಆಟೊಫೋಕಸ್ ಬಂದದ್ದು ಈ ಕಾಟಕ್ಕೇ. ಅಂದರೆ ಆಟೊಫೋಕಸ್ ಹುಟ್ಟಿದ್ದು ಗೋಡೆಯ ದೂರ ಅಳೆಯಲು ಅನ್ನುವುದಕ್ಕಿಂತ ಕಾವನ್ನು ಸಂಭಾಳಿಸಲು ಅನ್ನಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಕನ್ನಡಕದ ಅಂಗಡಿಯ ಲೆಕ್ಕವೇ. ಅವರು ‘ಪವರ್’ ಅನ್ನುತ್ತಾರಲ್ಲ, ಅದು ಡಯಾಪ್ಟರ್. 1 ಅನ್ನು ಮೀಟರ್ ಲೆಕ್ಕದ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ. ನಿಮ್ಮ ಸ್ಕ್ರೀನ್ 2 ಮೀಟರ್ ದೂರದಲ್ಲಿದ್ದರೆ ಅದು 0.5 ಡಯಾಪ್ಟರ್ ದೂರ. 4 ಮೀಟರ್ ಆದರೆ 0.25. ಪ್ರೊಜೆಕ್ಟರನ್ನು 2 ಮೀಟರ್‌ನಿಂದ 4 ಮೀಟರ್‌ಗೆ ಹಿಂದೆ ಸರಿಸಿದರೆ ಫೋಕಸ್‌ನಲ್ಲಿ ಆಗಬೇಕಾದ ಬದಲಾವಣೆ ಬರೀ 0.25 ಡಯಾಪ್ಟರ್. ಕಣ್ಣು ಪರೀಕ್ಷೆ ಮಾಡುವಾಗ ‘ಇದು ಚೆನ್ನಾಗಿದೆಯಾ, ಇದಾ?’ ಅಂತ ಲೆನ್ಸ್ ಬದಲಿಸುತ್ತಾರಲ್ಲ, ಆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಲೆನ್ಸಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವೇ ಇಷ್ಟು.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಪರಿಚಯದ ಆಪ್ಟಿಕಲ್ಸ್ ಅಂಗಡಿಯಿಂದ ಪ್ಲಸ್ 0.25 ಟ್ರಯಲ್ ಲೆನ್ಸ್ ಒಂದನ್ನು ಅರ್ಧ ಗಂಟೆಗೆ ಕೇಳಿ ತನ್ನಿ. ಮುಂದಿನ ಗಾಜು ಚಿಕ್ಕದಾಗಿರುವ ಪ್ರೊಜೆಕ್ಟರ್ ಆರಿಸಿಕೊಳ್ಳಿ. 4 ಮೀಟರ್‌ಗೆ ಫೋಕಸ್ ಮಾಡಿ, ಆ ಲೆನ್ಸನ್ನು ಪ್ರೊಜೆಕ್ಟರ್ ಮೂತಿಗೆ ಹಿಡಿಯಿರಿ. ದೂರದ ಗೋಡೆಯಲ್ಲಿ ಚಿತ್ರ ಮಸುಕಾಗುತ್ತದೆ. 2 ಮೀಟರ್‌ನಲ್ಲಿ ಒಂದು ಬಿಳಿ ರಟ್ಟು ಹಿಡಿದರೆ ಅಲ್ಲಿ ಅಕ್ಷರ ಚೊಕ್ಕವಾಗಿ ಕಾಣುತ್ತದೆ. ಮೋಟಾರ್ ಇಲ್ಲ, ರಿಂಗ್ ಇಲ್ಲ. ಕರೆಂಟಿನಿಂದ ಬದಲಾಗುವ ಲೆನ್ಸ್ ಮಾಡುವುದೂ ಇಷ್ಟನ್ನೇ. ಪೆಟ್ಟಿಗೆಯ ಅಷ್ಟೂ ಲೆನ್ಸ್‌ಗಳ ಕೆಲಸವನ್ನು ಒಂದೇ ಲೆನ್ಸ್ ಮಾಡುತ್ತದೆ.

ಮೋಟಾರ್ ಇದೇ ಕೆಲಸವನ್ನು ಹೇಗೆ ಮಾಡುತ್ತದೆ ಅಂದರೆ, ಲೆನ್ಸನ್ನು ಹಿಂದೆ ಮುಂದೆ ತಳ್ಳಿ. ಲೆಕ್ಕ ಸರಳವಾಗಿರಲಿ ಅಂತ 20 ಮಿ.ಮೀ. ಫೋಕಲ್ ಲೆಂತ್‌ನ ಲೆನ್ಸ್ ಅಂದುಕೊಳ್ಳಿ, ಅಂದರೆ ತುಂಬಾ ದೂರದ ಬೆಳಕನ್ನು 20 ಮಿ.ಮೀ. ಹಿಂದೆ ಒಂದು ಚುಕ್ಕಿಗೆ ಕೂಡಿಸುವ ಲೆನ್ಸ್. ಸ್ಕ್ರೀನ್ 2 ಮೀಟರ್‌ನಲ್ಲಿದ್ದಾಗ ಒಳಗೆ ಚಿತ್ರ ಮೂಡಿಸುವ ಚಿಪ್‌ನಿಂದ ಲೆನ್ಸ್ 20.2 ಮಿ.ಮೀ. ದೂರ ಇರಬೇಕು. 4 ಮೀಟರ್‌ನಲ್ಲಿದ್ದಾಗ 20.1. ವ್ಯತ್ಯಾಸ 0.1 ಮಿ.ಮೀ., ಒಂದು ಝೆರಾಕ್ಸ್ ಹಾಳೆಯ ದಪ್ಪ. ಇಷ್ಟು ಸರಿಸಲು ಒಂದು ಸ್ಟೆಪ್ಪರ್ ಮೋಟಾರ್, ಎರಡು ಮೂರು ಹಲ್ಲಿನ ಚಕ್ರ, ಒಂದು ಸ್ಕ್ರೂ, ಗ್ರೀಸ್, ಲಿಮಿಟ್ ಸ್ವಿಚ್. ನೋಡಿದರೆ ಅತಿಯಾಯಿತು ಅನ್ನಿಸುತ್ತದೆ, ಅಲ್ವಾ? ಇಷ್ಟನ್ನೂ ಕಿತ್ತುಹಾಕೋಣ ಅನ್ನುವ ಆಸೆ ಎಂಜಿನಿಯರ್‌ಗಳಿಗೆ ಬಂದದ್ದು ಸಹಜವೇ.

ಈ ಲೆನ್ಸ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ.

ಮೊದಲನೆಯದು ಹಾಲಿನ ಪ್ಯಾಕೆಟ್ ಜಾತಿ. ನಂದಿನಿ ಪ್ಯಾಕೆಟನ್ನು ಮೇಜಿನ ಮೇಲಿಟ್ಟು ಸುತ್ತಲಿನ ಅಂಚನ್ನು ಒತ್ತಿ ನೋಡಿ, ನಡುವೆ ಉಬ್ಬುತ್ತದೆ. ಇಲ್ಲಿ ಹಾಲಿನ ಬದಲು ತಿಳಿಯಾದ ದ್ರವ, ಪ್ಯಾಕೆಟಿನ ಬದಲು ರಬ್ಬರಿನಂತೆ ಹಿಗ್ಗುವ ತೆಳುವಾದ ಪೊರೆ. ಒಂದು ಉಂಗುರ ಅದರ ಅಂಚನ್ನು ಒತ್ತುತ್ತದೆ. ಉಂಗುರವನ್ನು ತಳ್ಳುವುದು ಕಾಯಿಲ್ ಮತ್ತು ಅಯಸ್ಕಾಂತ, ನಿಮ್ಮ ಸೌಂಡ್ ಬಾಕ್ಸಿನ ಸ್ಪೀಕರ್‌ನಲ್ಲಿ ಇರುತ್ತದಲ್ಲ, ಅಂಥದ್ದೇ. ಸ್ವಿಟ್ಜರ್ಲೆಂಡಿನ ಆಪ್ಟೊಟ್ಯೂನ್ ಅನ್ನುವ ಕಂಪನಿ 2008ರಲ್ಲಿ ಶುರುವಾಗಿ ಈ ಜಾತಿಯನ್ನು ಮಾರುಕಟ್ಟೆಗೆ ತಂದಿತು. ಅವರ ಲೆನ್ಸ್‌ಗಳಲ್ಲಿ ಬೆಳಕು ಹಾಯುವ ತೂತು 10 ಮಿ.ಮೀ. ಇರುವುದೂ 16 ಮಿ.ಮೀ. ತೂತಿನದೂ ಸಿಗುತ್ತವೆ. 16ರದ್ದರಲ್ಲಿ ಒಂದು ಮೈನಸ್ 2ರಿಂದ ಪ್ಲಸ್ 3 ಡಯಾಪ್ಟರ್‌ವರೆಗೆ ಹೋಗುತ್ತದೆ. ಪವರ್ ಬದಲಾಗಿ ನಿಲ್ಲಲು ಕೆಲವು ಹತ್ತು ಮಿಲಿಸೆಕೆಂಡ್ ಸಾಕು. ಸಿನಿಮಾದ ಒಂದು ಫ್ರೇಮ್ ಪರದೆಯ ಮೇಲಿರುವುದು ಸುಮಾರು 42 ಮಿಲಿಸೆಕೆಂಡ್, ಅದಕ್ಕೆ ಹೋಲಿಸಿ. ನಿಮ್ಮ ಪ್ರೊಜೆಕ್ಟರಿನ ಫೋಕಸ್ ಮೋಟಾರ್ ಇದರ ಹತ್ತಿರ ಬರುವುದಿಲ್ಲ.

ಎರಡನೆಯದು ಕೆಸುವಿನ ಎಲೆ ಜಾತಿ. ಎಲೆಯ ಮೇಲೆ ನೀರಿನ ಹನಿ ಗುಂಡಗೆ ಕೂರುತ್ತದೆ, ಹರಡುವುದಿಲ್ಲ. ಇಂಥ ಮೈಗೆ ವೋಲ್ಟೇಜ್ ಕೊಟ್ಟರೆ ಹನಿ ಹರಡಿಕೊಳ್ಳುತ್ತದೆ. ಕರೆಂಟಿಗೂ ದ್ರವದ ಮೇಲ್ಮೈಗೂ ಇರುವ ಈ ನಂಟನ್ನು ಗೇಬ್ರಿಯಲ್ ಲಿಪ್‌ಮನ್ 1875ರಲ್ಲೇ ಪಾದರಸದಲ್ಲಿ ತೋರಿಸಿದ್ದರು. ಮುಂದೆ 1908ರಲ್ಲಿ ಅವರಿಗೆ ನೊಬೆಲ್ ಬಂತು, ಆದರೆ ಅದು ಬಣ್ಣದ ಫೋಟೋಗೆ, ಇದಕ್ಕಲ್ಲ. ಫ್ರಾನ್ಸಿನ ಬ್ರೂನೊ ಬೆರ್ಜ್ ಇದನ್ನು ಲೆನ್ಸ್ ಮಾಡಿ 2002ರಲ್ಲಿ ಲಿಯೋನ್ ಊರಿನಲ್ಲಿ ವೇರಿಯೊಪ್ಟಿಕ್ ಕಂಪನಿ ಕಟ್ಟಿದರು. ಒಂದು ಪುಟ್ಟ ಡಬ್ಬಿಯಲ್ಲಿ ಎಣ್ಣೆ, ನೀರು. ಎರಡೂ ಸೇರುವ ಗಡಿಯೇ ಲೆನ್ಸ್. ಬಾರ್‌ಕೋಡ್ ಓದುವ ಕೈಗಾರಿಕಾ ಕ್ಯಾಮೆರಾಗಳಲ್ಲಿ ಇವು ಚೆನ್ನಾಗಿ ಓಡುತ್ತಿವೆ. ಆದರೆ ತೂತು ಕೆಲವೇ ಮಿಲಿಮೀಟರ್. ಪ್ರೊಜೆಕ್ಟರ್ ಬೆಳಕಿಗೆ ಅದು ಸೂಜಿಯ ಕಣ್ಣು.

ಮೂರನೆಯದು ಲಿಕ್ವಿಡ್ ಕ್ರಿಸ್ಟಲ್ ಜಾತಿ. ಇದರಲ್ಲಿ ನಿಜವಾಗಿಯೂ ಏನೂ ಉಬ್ಬುವುದಿಲ್ಲ, ವೋಲ್ಟೇಜಿಗೆ ಅಣುಗಳು ವಾಲುತ್ತವೆ ಅಷ್ಟೇ. ಜಪಾನಿನ ಸುಸುಮು ಸಾಟೊ 1979ರಲ್ಲಿ ಮಾಡಿ ತೋರಿಸಿದ್ದರು. ಲಿಕ್ವಿಡ್ ಕ್ರಿಸ್ಟಲ್ ವಿಷಯದಲ್ಲಿ ನಮ್ಮೂರಿಗೂ ಒಂದು ಹೆಮ್ಮೆಯಿದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ಲಿಕ್ವಿಡ್ ಕ್ರಿಸ್ಟಲ್ ಕಂಡುಹಿಡಿದರು. ಮುಂದೆ ಅಂಥ ಅಣುಗಳ ಫಿಲ್ಮನ್ನು ಎಲ್‌ಸಿಡಿ ಪರದೆ ಪಕ್ಕದಿಂದಲೂ ಚೆನ್ನಾಗಿ ಕಾಣಲಿ ಅಂತ ಬಳಸಿದರು. ಲೆನ್ಸಿಗೆ ಬಳಸುವುದು ಬೇರೆ ಬಗೆ, ಕಡ್ಡಿಯಾಕಾರದ ಅಣುಗಳದ್ದು. ಆದರೂ ಈ ಮಾತು ಬಂದಾಗ ಬೆಂಗಳೂರಿನವನಾಗಿ ಇದನ್ನು ಹೇಳದೆ ಇರಲು ಆಗುವುದಿಲ್ಲ.

ಈ ಮೂರನೆಯ ಜಾತಿಯ ತೊಂದರೆ ಏನೆಂದರೆ ಅದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಫೋಕಸ್ ಮಾಡುತ್ತದೆ. ಡಿಎಲ್‌ಪಿ, ಅಂದರೆ ಪುಟ್ಟ ಕನ್ನಡಿಗಳ ಚಿಪ್ಪಿನಿಂದ ಚಿತ್ರ ಮೂಡಿಸುವ ಪ್ರೊಜೆಕ್ಟರ್‌ನ ಬೆಳಕಿಗೆ ಅಂಥ ಶಿಸ್ತಿಲ್ಲ, ಅರ್ಧ ಬೆಳಕು ಹಾಗೇ ನುಸುಳಿಹೋಗುತ್ತದೆ. ಮೂರು ಎಲ್‌ಸಿಡಿಯ ಪ್ರೊಜೆಕ್ಟರ್‌ನಲ್ಲಿ ಶಿಸ್ತಿದೆ, ಆದರೆ ಅನೇಕವುಗಳಲ್ಲಿ ಹಸಿರು ಒಂದು ದಿಕ್ಕು, ಕೆಂಪು ನೀಲಿ ಇನ್ನೊಂದು ದಿಕ್ಕು. ಹಸಿರು ಮಾತ್ರ ಫೋಕಸ್ ಆಗಿ ಉಳಿದೆರಡು ಮಸುಕಾಗಿ ಉಳಿದರೆ ಮದುಮಗಳ ಮುಖ ಹೇಗೆ ಕಾಣಬಹುದು, ನೀವೇ ಊಹಿಸಿ. ಎರಡು ಲೆನ್ಸ್ ಅಡ್ಡಡ್ಡ ಜೋಡಿಸಿ ಇದನ್ನು ದಾಟಬಹುದು. ಆದರೆ ತೂತು ದೊಡ್ಡದಾದಷ್ಟೂ ಪದರ ದಪ್ಪವಾಗಬೇಕು. ದಪ್ಪ ಎರಡರಷ್ಟಾದರೆ ನಿಧಾನ ನಾಲ್ಕರಷ್ಟಾಗುತ್ತದೆ.

ಹಾಗಾಗಿ ಪ್ರೊಜೆಕ್ಟರ್ ಮಟ್ಟಿಗೆ ಉಳಿಯುವುದು ಹಾಲಿನ ಪ್ಯಾಕೆಟ್ಟೇ. ‘ಅಲುಗಾಡುವ ಭಾಗವೇ ಇಲ್ಲ’ ಅನ್ನುವ ಮಾತು ಇದಕ್ಕೆ ಹೊಂದುವುದಿಲ್ಲ ಅನ್ನುವುದು ನಿಮಗೀಗ ಗೊತ್ತಾಗಿರಬೇಕು. ಕಾಯಿಲ್ ಅಲುಗುತ್ತದೆ, ಉಂಗುರ ಅಲುಗುತ್ತದೆ, ಪೊರೆ ಅಲುಗುತ್ತದೆ. ಉಜ್ಜಿ ಸವೆಯುವ ಭಾಗವಿಲ್ಲ ಅನ್ನಿ, ಅದು ಸರಿ.

ಎಷ್ಟು ಅಲುಗುತ್ತದೆ ಅನ್ನುವುದೇ ಕಥೆಯ ತಿರುಳು. 10 ಮಿ.ಮೀ. ತೂತಿನ ಲೆನ್ಸ್ 0.25 ಡಯಾಪ್ಟರ್ ಬದಲಾಗಬೇಕಾದರೆ ಪೊರೆಯ ನಡುಭಾಗ ಸುಮಾರು 10 ಮೈಕ್ರಾನ್ ಉಬ್ಬಿದರೆ ಸಾಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪದಲ್ಲಿ ಏಳರಲ್ಲೊಂದು ಪಾಲು ಅಂದುಕೊಳ್ಳಿ. ಮೋಟಾರ್ ಇಡೀ ಲೆನ್ಸನ್ನು ಹಾಳೆಯಷ್ಟು ದಪ್ಪ ತಳ್ಳಬೇಕು, ಇದು ಅದರ ಹತ್ತರಲ್ಲೊಂದು ಪಾಲು ಉಬ್ಬಿದರೂ ಆಯಿತು. ಕೇಳಲು ಸೊಗಸಾಗಿದೆ. ಈಗ ಇದನ್ನೇ ತಿರುವಿ ನೋಡಿ. 5.4 ಮೈಕ್ರಾನ್ ಪಿಕ್ಸೆಲ್‌ನ ಡಿಎಲ್‌ಪಿ ಚಿಪ್, ಎಫ್ 2 ಲೆನ್ಸ್ (ಫೋಕಲ್ ಲೆಂತ್‌ನ ಅರ್ಧದಷ್ಟು ತೂತಿನದು) ಇದ್ದರೆ ಫೋಕಸ್ 0.03 ಡಯಾಪ್ಟರ್ ಆಚೀಚೆ ಆಗುತ್ತಲೇ ಚಿಕ್ಕ ಅಕ್ಷರ ಮೆತ್ತಗಾಗಲು ಶುರುವಾಗುತ್ತದೆ. ಅಂದರೆ ಪೊರೆಯನ್ನು ಒಂದು ಮೈಕ್ರಾನ್‌ಗೆ ಹತ್ತಿರದಲ್ಲಿ ಹಿಡಿದಿಡಬೇಕು. ಒಂದು ಕ್ಷಣವಲ್ಲ, ಮುಹೂರ್ತದಿಂದ ಊಟದವರೆಗೆ. ಮೇಲೆ ಹೇಳಿದ 16 ಮಿ.ಮೀ. ಲೆನ್ಸಿನ ಒಟ್ಟು ಹರವು 5 ಡಯಾಪ್ಟರ್, ನಮಗೆ ಬೇಕಾದ ಸ್ಥಿರತೆ 0.03. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಕೊತ್ತಂಬರಿ ಕಟ್ಟು ತೂಗಿದ ಹಾಗೆ. ನಾನು ಮೊದಲು ತೊಡಕು ಬೇರೆ ಕಡೆ ಇದೆ ಅಂದದ್ದು ಇದನ್ನೇ. ಬಗ್ಗಿಸುವುದು ಸುಲಭ, ಬಗ್ಗಿದಲ್ಲೇ ನಿಲ್ಲಿಸುವುದು ಕಷ್ಟ.

ನಿಲ್ಲಲು ಬಿಡದವು ಮೂರು. ಮೊದಲನೆಯದು ಕಾವು. ನಿಮ್ಮ ಪ್ರೊಜೆಕ್ಟರ್ ಏಳು ಗಂಟೆಗೆ ಮಸುಕಾಗುವುದಕ್ಕೂ ಕಾರಣ ಇದೇ, ಅಲ್ಲಿ ಯಾವ ದ್ರವವೂ ಇಲ್ಲದಿದ್ದರೂ. ಅಕ್ರಿಲಿಕ್ ಪ್ಲಾಸ್ಟಿಕ್ ಲೆನ್ಸ್ ಒಂದು ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಗ್ಗಿಸುವ ಶಕ್ತಿಯ ಅಳತೆ, ಸುಮಾರು 0.0001 ಇಳಿಯುತ್ತದೆ, ಜೊತೆಗೆ ಲೆನ್ಸ್ ಹಿಗ್ಗುತ್ತದೆ. 20 ಮಿ.ಮೀ. ಲೆನ್ಸ್ ಪೂರ್ತಿ ಪ್ಲಾಸ್ಟಿಕ್ಕಿನದಾಗಿದ್ದು, ಸರಿದೂಗಿಸುವ ಏರ್ಪಾಡು ಏನೂ ಇಲ್ಲದಿದ್ದರೆ, 20 ಡಿಗ್ರಿ ಕಾವೇರಿದಾಗ ಫೋಕಸ್ 0.1 ಮಿ.ಮೀ. ಜಾರುತ್ತದೆ. ಅದೇ ಝೆರಾಕ್ಸ್ ಹಾಳೆ! ಸ್ಕ್ರೀನನ್ನು 2 ಮೀಟರ್‌ನಿಂದ 4 ಮೀಟರ್‌ಗೆ ಸರಿಸಿದಷ್ಟೇ. ಯಾರೂ ಏನನ್ನೂ ಮುಟ್ಟಿರುವುದಿಲ್ಲ. ಗಾಜಿನ ಲೆನ್ಸ್ ಹಾಕುವ ಕಂಪನಿಗಳು ದುಡ್ಡು ಜಾಸ್ತಿ ಕೇಳುವುದು ಸುಮ್ನೆ ಅಲ್ಲ, ಸಾಮಾನ್ಯ ಗಾಜು ಈ ವಿಷಯದಲ್ಲಿ ಹತ್ತು ಪಟ್ಟಿಗಿಂತ ಗಟ್ಟಿ. ನಿಜವಾದ ಪ್ರೊಜೆಕ್ಟರ್‌ಗಳಲ್ಲಿ ಗಾಜು ಪ್ಲಾಸ್ಟಿಕ್ ಎರಡನ್ನೂ ಬೆರೆಸಿ ಒಂದರ ಜಾರುವಿಕೆಯನ್ನು ಇನ್ನೊಂದು ತಿನ್ನುವಂತೆ ಮಾಡಿರುತ್ತಾರೆ, ಆದರೂ ಒಂದಿಷ್ಟು ಉಳಿಯುತ್ತದೆ. ದ್ರವಗಳದ್ದು ಪ್ಲಾಸ್ಟಿಕ್ಕಿಗಿಂತಲೂ ಚಂಚಲ ಸ್ವಭಾವ. ಬಿಸಿಯಾದರೆ ಹಿಗ್ಗುತ್ತವೆ, ಪೊರೆಯನ್ನು ನೂಕುತ್ತವೆ. ಅಂದರೆ ಕಾವಿನ ಕಾಟ ತಪ್ಪಿಸಲು ಹೋಗಿ ಕಾವಿಗೆ ಇನ್ನೂ ಸೂಕ್ಷ್ಮವಾದ ವಸ್ತುವನ್ನು ಬೆಳಕಿನ ದಾರಿಯಲ್ಲಿಟ್ಟ ಹಾಗಾಯಿತು.

ಕಾವು ಎಲ್ಲಿಂದ ಅಂತೀರಾ? ನಿಮ್ಮ ಪ್ರೊಜೆಕ್ಟರ್ 4000 ಲುಮೆನ್ ಅಂದುಕೊಂಡರೆ ಹೊರಬರುವ ಬೆಳಕೇ 12ರಿಂದ 15 ವಾಟ್. ಅಷ್ಟೂ ಆ ಚಿಕ್ಕ ತೂತಿನ ಮೂಲಕ ಹಾಯಬೇಕು. ಶೇಕಡ ಒಂದು ಹೀರಿಕೊಂಡರೂ ಕಾವು ಕೂಡುತ್ತಾ ಹೋಗುತ್ತದೆ. ಇದರ ಮೇಲೆ ಕಾಯಿಲ್‌ನ ಕಾವು. ಸ್ಟೆಪ್ಪರ್ ಮೋಟಾರ್‌ಗೆ ಒಂದು ಒಳ್ಳೆಯ ಗುಣವಿದೆ: ಕೆಲಸ ಮುಗಿದ ಮೇಲೆ ಕರೆಂಟ್ ತೆಗೆದರೂ ಸ್ಕ್ರೂ ಇದ್ದಲ್ಲೇ ಇರುತ್ತದೆ. ಪೊರೆಯ ಲೆನ್ಸಿಗೆ ಆ ಗುಣ ಇಲ್ಲ. ಉಬ್ಬಿಸಿ ಇಡಲು ಸದಾ ಕರೆಂಟ್ ಬೇಕು, ನಿಲ್ಲಿಸಿದರೆ ಹಳೆಯ ಜಾಗಕ್ಕೆ ಹೋಗುತ್ತದೆ. ಆ ಕರೆಂಟ್ ಕಾಯಿಲನ್ನು ಬಿಸಿ ಮಾಡುತ್ತದೆ, ಕಾಯಿಲ್ ದ್ರವವನ್ನು ಬಿಸಿ ಮಾಡುತ್ತದೆ. ತಯಾರಕರಿಗೆ ಇದು ಗೊತ್ತು. ಅದಕ್ಕೇ ಲೆನ್ಸಿನೊಳಗೆ ಒಂದು ಉಷ್ಣತೆಯ ಸೆನ್ಸರ್ ಮತ್ತು ಪುಟ್ಟ ಮೆಮೊರಿ ಚಿಪ್ ಇಡುತ್ತಾರೆ. ಇಷ್ಟು ಡಿಗ್ರಿಗೆ ಇಷ್ಟು ಕರೆಂಟ್ ಅನ್ನುವ ಲೆಕ್ಕವನ್ನು ಡ್ರೈವರ್ ಅದರಿಂದ ಓದಿಕೊಳ್ಳುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸೆನ್ಸರ್ ಅಂಚಿನಲ್ಲಿದೆ, ಬೆಳಕು ಬೀಳುವುದು ನಡುವೆ.

ಎರಡನೆಯದು ಭೂಮಿಯ ಸೆಳೆತ. ಇದನ್ನು ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ, ರಾತ್ರಿ ಒಂಬತ್ತಕ್ಕೆ, ಬೈಸಿಕೊಂಡು ಕಲಿತೆ. ಚಿಕ್ಕ ಡಿಎಲ್‌ಪಿ ಪ್ರೊಜೆಕ್ಟರ್‌ಗೆ 10 ಮಿ.ಮೀ.ಯ ಪೊರೆ ಲೆನ್ಸ್ ಕೂರಿಸಿದ್ದೆವು. ಮೇಜಿನ ಮೇಲೆ ಮೂತಿ ಮೇಲೆ ಮಾಡಿ ಇಟ್ಟು ಸೂರಿಗೆ ಚಿತ್ರ ಬಿಟ್ಟು ಪರೀಕ್ಷೆ ಮಾಡಿದ್ದೆವು, ಚುಕ್ಕಿಗಳು ಮುತ್ತಿನ ಹಾಗಿದ್ದವು. ನೋಡಲು ಬಂದವರ ಮುಂದೆ ಗೋಡೆಗೆ ತಿರುಗಿಸಿದೆವು. ಒಂದೊಂದು ಚುಕ್ಕಿಗೂ ಧೂಮಕೇತುವಿನ ಹಾಗೆ ಬಾಲ! ಮೂತಿ ಮೇಲಿದ್ದಾಗ ದ್ರವ ಸಮವಾಗಿ ಹರಡಿಕೊಂಡಿರುತ್ತದೆ. ಅಡ್ಡ ಮಲಗಿಸಿದರೆ ಲೆನ್ಸ್ ನೆಟ್ಟಗೆ ನಿಲ್ಲುತ್ತದೆ, ದ್ರವ ಕೆಳಕ್ಕೆ ಜೋತುಬೀಳುತ್ತದೆ, ಪೊರೆಯ ಕೆಳಭಾಗ ಒಂಚೂರು ಜಾಸ್ತಿ ಉಬ್ಬುತ್ತದೆ. ಇದಕ್ಕೆ ಕೋಮಾ ಅನ್ನುತ್ತೇವೆ, ಆಸ್ಪತ್ರೆಯ ಕೋಮಾ ಅಲ್ಲ. ತೂತು ದೊಡ್ಡದಾದಷ್ಟೂ ಜೋತು ಜಾಸ್ತಿ. ಪೊರೆಯನ್ನು ಬಿಗಿ ಮಾಡಿದರೆ ಕಮ್ಮಿಯಾಗುತ್ತದೆ, ಆದರೆ ಆಗ ಬಗ್ಗುವುದೂ ಕಮ್ಮಿ. ಎಣ್ಣೆ ನೀರಿನ ಲೆನ್ಸಿಗೆ ಈ ತೊಂದರೆ ಇಲ್ಲ, ಎರಡಕ್ಕೂ ಒಂದೇ ಸಾಂದ್ರತೆ ಬರುವಂತೆ ಬೆರೆಸಿರುತ್ತಾರೆ. ಪ್ರೊಜೆಕ್ಟರ್‌ಗಳು ನೋಡುವುದು ಬಹುಪಾಲು ಗೋಡೆಯನ್ನೇ, ಸೂರನ್ನಲ್ಲ, ಅಲ್ವಾ?

ಮೂರನೆಯದು ತೂತಿನ ಗಾತ್ರ. ಬೆಳಕಿನ ಕಿರಣಗಳೆಲ್ಲ ಒಂದು ಕಡೆ ಕಿರಿದಾಗಿ ಕೂಡಿಕೊಂಡು ಹೋಗುವ ಜಾಗ ಪ್ರೊಜೆಕ್ಟರ್ ಲೆನ್ಸಿನ ಒಳಗೆ, ಗಾಜುಗಳ ನಡುವೆ ಇರುತ್ತದೆ. ಪೊರೆ ಲೆನ್ಸ್ ಅಲ್ಲಿ ಕೂತರೆ ಲಾಭ ಎರಡು. ಚಿಕ್ಕ ಲೆನ್ಸ್ ಸಾಕು, ಮತ್ತು ಫೋಕಸ್ ಬದಲಾದರೂ ಚಿತ್ರದ ಅಳತೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. 20 ಮಿ.ಮೀ., ಎಫ್ 2 ಲೆನ್ಸಿನಲ್ಲಿ ಆ ಜಾಗ ಸುಮಾರು 10 ಮಿ.ಮೀ. ಅಗಲ, ಹೊಂದುತ್ತದೆ. ಆದರೆ ಅಲ್ಲಿ ಕೂರಿಸಬೇಕಾದರೆ ಲೆನ್ಸನ್ನು ಮೊದಲಿಂದ ಅದಕ್ಕಾಗಿಯೇ ವಿನ್ಯಾಸ ಮಾಡಬೇಕು. ಇರುವುದನ್ನು ಬಿಚ್ಚಿ ತೂರಿಸಲು ಆಗುವುದಿಲ್ಲ. ಹೊರಗೆ ಮೂತಿಗೆ ಹಾಕೋಣ ಅಂದರೆ ಅಲ್ಲಿ ಬೆಳಕು ಬೀಸಣಿಗೆಯಂತೆ ಹರಡಿರುತ್ತದೆ. 16 ಮಿ.ಮೀ. ತೂತು ನಡುವಿನ ಚಿತ್ರವನ್ನು ಬಿಟ್ಟು ಮೂಲೆಗಳನ್ನೆಲ್ಲ ಕತ್ತರಿಸುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಲ್‌ಇಡಿ ಪ್ರೊಜೆಕ್ಟರ್‌ಗಳಲ್ಲಂತೂ ಒಳಗೆ ಮೊಬೈಲ್ ಅಳತೆಯ ಎಲ್‌ಸಿಡಿ ಇರುತ್ತದೆ, ಮೂತಿ ಟೀ ಲೋಟದಷ್ಟು ಅಗಲ. ಅಷ್ಟು ದೊಡ್ಡ ದ್ರವದ ಲೆನ್ಸ್ ಮಾಡಿದರೆ ಅದು ಲೆನ್ಸಲ್ಲ, ಪಾಯಸದ ಬಟ್ಟಲು.

ಬೆಲೆಯನ್ನೂ ಹೇಳಿಬಿಡುತ್ತೇನೆ. ಒಂದೊಂದಾಗಿ ಕೊಂಡರೆ ಇವು ಕೆಲವು ನೂರು ಯೂರೋ. ಡ್ರೈವರ್ ಬೇರೆ, ಕಸ್ಟಮ್ಸ್ ಬೇರೆ. ನಿಮ್ಮ ಫೋಕಸ್ ಮೋಟಾರ್ ಜೊತೆಗೆ ಅದನ್ನು ಹೋಲಿಸುವುದೇ ಬೇಡ.

ಹಾಗಾದರೆ ಇವು ಯಾರಿಗೆ? ಸಂಜೆಗೊಮ್ಮೆ ಫೋಕಸ್ ಮಾಡುವ ನಿಮಗಲ್ಲ, ಸೆಕೆಂಡಿಗೆ ಹತ್ತಾರು ಸಲ ಬದಲಿಸಬೇಕಾದವರಿಗೆ. 2015ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಡೈಸುಕೆ ಇವಾಯಿ ಮತ್ತು ಸಂಗಡಿಗರು ಒಂದು ಚಂದದ ಕೆಲಸ ಪ್ರಕಟಿಸಿದರು. ಪ್ರೊಜೆಕ್ಟರ್ ಮುಂದೆ ಇಂಥ ಲೆನ್ಸಿಟ್ಟು, ಫೋಕಸ್ಸನ್ನು ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಬೀಸಿದರು. ಹತ್ತಿರದ ವಸ್ತುವಿನ ಮೇಲೂ ದೂರದ್ದರ ಮೇಲೂ ಸರಿಸುಮಾರು ಒಂದೇ ಬಗೆಯ ಮಸುಕು ಬರುತ್ತದೆ. ಅದು ಎಂಥ ಮಸುಕು ಅಂತ ಮೊದಲೇ ಗೊತ್ತಿರುವುದರಿಂದ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಮೊದಲೇ ಹರಿತ ಮಾಡಿ ಕಳಿಸಬಹುದು. ಕಟ್ಟಡದ ಮೇಲೆ, ಮೂರ್ತಿಯ ಮೇಲೆ, ನರ್ತಕಿಯ ಮೈಮೇಲೆ ಬೆಳಕಿನ ಚಿತ್ರ ಬಿಡುವವರಿಗೆ ಇದು ವರ. ಎದುರಿನ ದೃಶ್ಯದ ಮೇಲೆ ಚಿತ್ರ ತೋರಿಸುವ ಎಆರ್ ಕನ್ನಡಕಗಳವರೂ ಇದರ ಹಿಂದೆ ಬಿದ್ದಿದ್ದಾರೆ. ಅಂಗೈಯಗಲದ ಪಿಕೊ ಪ್ರೊಜೆಕ್ಟರ್‌ಗೂ ಒಗ್ಗೀತು. ಕಾಲು ಮೀಟರ್‌ನಿಂದ 2 ಮೀಟರ್‌ವರೆಗೆ ಹೋಗಬೇಕಾದರೆ ಅಲ್ಲಿ 3.5 ಡಯಾಪ್ಟರ್ ಬೇಕು, ಬೆಳಕು ಕಮ್ಮಿ, ತೂತು ಚಿಕ್ಕದು. ಇನ್ನು ಜೂಮ್ ಆಸೆ ಬಿಡಿ. 20 ಮಿ.ಮೀ.ಯಿಂದ 24ಕ್ಕೆ ಹೋಗುವುದೆಂದರೆ 8 ಡಯಾಪ್ಟರ್ ಮೀರಿದ ಮಾತು.

ಇನ್ನೊಂದು ವಿಷಯ, ಕೆಲವರು ತಪ್ಪಾಗಿ ತಿಳಿದಿರುತ್ತಾರೆ. ಪ್ರೊಜೆಕ್ಟರ್ ಓರೆಯಾಗಿದ್ದಾಗ ಸ್ಕ್ರೀನಿನ ಮೇಲ್ಭಾಗ ಚೊಕ್ಕ, ಕೆಳಭಾಗ ಮಸುಕು ಆಗುತ್ತದಲ್ಲ, ಅದನ್ನು ಯಾವ ಪೊರೆ ಲೆನ್ಸೂ ಸರಿ ಮಾಡುವುದಿಲ್ಲ. ಅದು ಫೋಕಸ್ಸಿನ ದೂರವನ್ನು ಮುಂದೆ ಹಿಂದೆ ಮಾಡುತ್ತದೆ, ವಾಲಿಸುವುದಿಲ್ಲ. ಕೀಸ್ಟೋನ್ ಬಟನ್ನೂ ವಾಲಿಸುವುದಿಲ್ಲ, ಪಿಕ್ಸೆಲ್ ತಿಂದು ಚಿತ್ರವನ್ನು ಚೌಕ ಮಾಡುತ್ತದೆ ಅಷ್ಟೇ. ಪ್ರೊಜೆಕ್ಟರ್ ಓರೆ ಮಾಡದೆ ಲೆನ್ಸನ್ನೇ ಸರಿಸಿ ಚಿತ್ರ ಮೇಲೆ ಕೆಳಗೆ ಮಾಡುವ ಲೆನ್ಸ್ ಶಿಫ್ಟ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಸ್ಟ್ಯಾಂಡ್ ಎತ್ತರಿಸಿ.

ಈಗ ನಿಮ್ಮ ಸಂಜೆಯ ಕಥೆಗೆ ಬರೋಣ. ಪ್ರೊಜೆಕ್ಟರನ್ನು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹಚ್ಚಿ. ಸುಮ್ನೆ ಹಚ್ಚಿದರೆ ಸಾಲದು, ಕಾರ್ಯಕ್ರಮದಲ್ಲಿ ಯಾವ ಮೋಡ್ ಇರುತ್ತದೋ ಅದೇ ಮೋಡ್‌ನಲ್ಲಿ ಹಚ್ಚಿ. ಇಕೊದಲ್ಲಿ ಫೋಕಸ್ ಮಾಡಿ ಆಮೇಲೆ ಪೂರ್ತಿ ಬೆಳಕಿಗೆ ಹೋದರೆ ಕಾವು ಬದಲಾಗಿ ಮತ್ತೆ ಜಾರುತ್ತದೆ. ಕೊನೆಯ ಫೋಕಸ್ ಬಿಸಿಯಾದ ಮೇಲೆಯೇ ಆಗಲಿ. ಎಸಿ ಗಾಳಿ ನೇರ ಮೂತಿಗೆ ಬಡಿಯುವ ಜಾಗದಲ್ಲಿ ಇಡಬೇಡಿ. ಹೂವಿನ ಅಲಂಕಾರದವರು ಪ್ರೊಜೆಕ್ಟರ್ ಮೇಲೆ ಬಟ್ಟೆ ಹೊದಿಸುತ್ತಾರೆ, ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ರಿಂಗ್ ತಿರುಗಿಸುವಾಗ ಯಾವಾಗಲೂ ಒಂದೇ ಕಡೆಯಿಂದ ಬನ್ನಿ. ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ಕಡೆಯಿಂದ ಬನ್ನಿ, ಇಲ್ಲದಿದ್ದರೆ ರಿಂಗಿನ ಸ್ಕ್ರೂ ಸಡಿಲು ಕೈಕೊಡುತ್ತದೆ.

ಕೆಟ್ಟ ಮೋಟಾರ್ ವಿಷಯ: ಇಡೀ ಲೆನ್ಸ್ ಬದಲಿಸುವ ಮೊದಲು ಎಸ್.ಪಿ. ರೋಡ್ ಕಡೆ ಪ್ರೊಜೆಕ್ಟರ್ ರಿಪೇರಿ ಮಾಡುವ ಒಬ್ಬ ನುರಿತವರ ಹತ್ತಿರ ತೋರಿಸಿ. ಹಲ್ಲಿನ ಚಕ್ರ ಸೀಳಿದೆಯಾ, ಫ್ಲೆಕ್ಸ್ ಕೇಬಲ್ ಮುರಿದಿದೆಯಾ, ಲಿಮಿಟ್ ಸ್ವಿಚ್‌ಗೆ ಧೂಳು ಕೂತಿದೆಯಾ ನೋಡಲಿ. ನಾನು ನೋಡಿದ ಮಟ್ಟಿಗೆ ಮೋಟಾರೇ ಸುಡುವುದು ಕಮ್ಮಿ. ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗಬಹುದು, ಅದನ್ನು ಮೊದಲು ವಿಚಾರಿಸಿಕೊಳ್ಳಿ. ಪ್ರೊಜೆಕ್ಟರ್ ಲೇಸರ್‌ನದಾಗಿದ್ದರೆ ಮುಚ್ಚಳ ಬಿಚ್ಚಿ ಆನ್ ಮಾಡಲು ಯಾರಿಗೂ ಬಿಡಬೇಡಿ, ಕಣ್ಣಿಗೆ ಕುತ್ತು.

ಕೊನೆಗೆ, ಆ ಯೂರೋ ಲೆನ್ಸಿನ ಮೆಮೊರಿ ಚಿಪ್ ಮಾಡುವ ಕೆಲಸವನ್ನು ನೀವು ಮಾಸ್ಕಿಂಗ್ ಟೇಪಿನಲ್ಲೇ ಮಾಡಬಹುದು. ಫೋಕಸ್ ರಿಂಗಿನ ಸುತ್ತ ಟೇಪ್ ಅಂಟಿಸಿ. ತಣ್ಣಗಿರುವಾಗ ಫೋಕಸ್ ಮಾಡಿ ಒಂದು ಗೀಟು. ಅರ್ಧ ಗಂಟೆ ಆದ ಮೇಲೆ ಮತ್ತೆ ಸರಿ ಮಾಡಿ ಇನ್ನೊಂದು ಗೀಟು. ಎರಡು ಗೀಟಿನ ನಡುವಿನ ಅಂತರ ಒಂದು ಪ್ರೊಜೆಕ್ಟರ್‌ಗೆ ಛತ್ರ ಯಾವುದಾದರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಜೂಮ್ ಮತ್ತು ಮೋಡ್ ಬದಲಾಗದಿದ್ದರೆ. ಅವಸರದ ದಿನ, ಕಾಯಲು ಪುರುಸೊತ್ತಿಲ್ಲದಾಗ, ತಣ್ಣಗಿನ ಫೋಕಸ್ ಮಾಡಿ ಎರಡನೇ ಗೀಟು ಇರುವ ದಿಕ್ಕಿಗೆ ಅಷ್ಟು ಅಂತರ ತಿರುಗಿಸಿ ಇಟ್ಟು ಹೋಗಿ. ಮೊದಲ ಹತ್ತು ಹದಿನೈದು ನಿಮಿಷ ಸ್ವಲ್ಪ ಮೆತ್ತಗಿರುತ್ತದೆ, ಆಮೇಲೆ ತಾನೇ ಕೂಡಿಕೊಳ್ಳುತ್ತದೆ. ಒಂದೊಂದು ಪ್ರೊಜೆಕ್ಟರ್‌ಗೂ ಬೇರೆ ಬೇರೆ ಗೀಟು ಹಾಕಿ. ಬಾಲ್‌ಪೆನ್ ಬೇಡ, ಕೈಬೆವರಿಗೆ ಅಳಿಸಿಹೋಗುತ್ತದೆ, ಮಾರ್ಕರ್ ಬಳಸಿ.